ಹೊಂಟವನನ್ನು ಕೇಳಿದ್ದು ಯಾರು?

ದೆವ್ವ, ಶಕುನ, ಹಲ್ಲಿ ಲೊಚಗುಟ್ಟುವುದು, ಇವುಗಳಲ್ಲಿ ನನಗೆ ಕವಡೆ ಕಾಸಿನ ನಂಬಿಕೆಯೂ ಇರಲಿಲ್ಲ. ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿ ನಮ್ಮ ಪಕ್ಕದ ಮನೆಯ ಹುಬ್ಬಳ್ಳಿ ದಂಪತಿ ಗೃಹಪ್ರವೇಶದ ದಿನ ರಾಹುಕಾಲವನ್ನು ಸಿಡ್ನಿ ಟೈಮಿಗೆ ನೋಡಬೇಕೋ ಇಂಡಿಯಾ ಟೈಮಿಗೋ ಎಂದು ಬಾಗಿಲಲ್ಲೇ ಜಗಳಾಡಿದಾಗ ಬಿದ್ದು ಬಿದ್ದು ನಕ್ಕವಳು ನಾನು. ಇಂಜಿನಿಯರಿಂಗ್ ಓದಿದ ಕೋಣಗಳು! ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ತಮ್ಮ ಗುರು ಮೆಲ್ಬರ್ನಿನಲ್ಲಿ ನರ್ಸ್ ಆಗಿದ್ದ. ಕಾಯಂ ವಾಸದ ಪಿಆರ್ ಇತ್ತು, ಅಲ್ಲೇ ವಿಂಡಮ್ ವೇಲ್‌ನಲ್ಲಿ ಹೊಸ ಮನೆ ಇತ್ತು. ಎಲ್ಲ ಬಿಟ್ಟು ಕೆನಡಾದ ಉತ್ತರಕ್ಕೆ, ಮ್ಯಾಪಿನಲ್ಲಿ ಹುಡುಕಿದರೂ ಸಿಗದ ಒಂದು ಸರೋವರದ ದಂಡೆಗೆ ಹೋಗಿ ಕೂತ. ಆ ಹುಚ್ಚು ಬಿಡಿಸಿ ಕರೆತರಲೆಂದೇ ಒಂದು ಡಿಸೆಂಬರಿನಲ್ಲಿ ರಜೆ ಹಾಕಿ ಹೋದೆ.

ಅದನ್ನು ಊರು ಎನ್ನಲು ನಗು ಬರುತ್ತದೆ. ಒಂದು ಅಂಗಡಿ, ಒಂದು ಶಾಲೆ, ಗುರುವಿನ ಕ್ಲಿನಿಕ್, ಅಲ್ಲೊಂದು ಇಲ್ಲೊಂದು ಮನೆ. ಸುತ್ತ ಮುಗಿಯದ ಸೂಜಿ ಎಲೆಯ ಕಾಡು. ಒಂದು ಮರ ನೋಡಿದರೆ ಸಾಕು, ಉಳಿದದ್ದೆಲ್ಲ ಅದರದೇ ಜೆರಾಕ್ಸ್. ಮಧ್ಯಾಹ್ನ ಮೂರಕ್ಕೇ ಮಬ್ಬುಗತ್ತಲು. ಜನರೋ, ಸರೋವರ ಮನೆಯ ಅತ್ತೆಯೇನೋ ಎಂಬಂತೆ ಮಾತಾಡುತ್ತಿದ್ದರು. ಇವತ್ತು ಅದಕ್ಕೆ ಮನಸ್ಸಿಲ್ಲವಂತೆ, ನಿನ್ನೆಯೆಲ್ಲ ಗೊಣಗುತ್ತಿತ್ತಂತೆ. ಗುರುವೂ ಅದನ್ನೇ ಕಲಿತಿದ್ದ.

"ಎರಡು ಡಿಗ್ರಿ ತೊಗೊಂಡು ನೀರಿನ ಮೂಡ್ ನೋಡ್ಕೋತ ಕುಂತಿಯಲ್ಲೋ," ಎಂದು ದಿನಾ ಉಗಿಯುತ್ತಿದ್ದೆ. "ಇಲ್ಲಿ ಇವರಿಗೆ ನಾ ಬೇಕಾಗೇನಿ ಅಕ್ಕಾ," ಎಂದು ನಗುತ್ತಿದ್ದ.

ಆ ದಿನ ಆಚೆ ದಂಡೆಯ ಮುದುಕಿಯೊಬ್ಬಳಿಗೆ ಇನ್ಸುಲಿನ್ ತಲುಪಿಸಬೇಕಿತ್ತು. ಸರೋವರ ಹೆಪ್ಪುಗಟ್ಟಿ ಕೆಲವೇ ದಿನವಾಗಿತ್ತು. ಮಂಜುಗಡ್ಡೆಯ ಮೇಲೆ ದಾರಿಯ ಗುರುತಿಗೆ ಮರದ ಕೊಂಬೆಗಳನ್ನು ನೆಟ್ಟಿದ್ದರು. ಆ ಹಾದಿಯಲ್ಲೇ ಹಿಮದ ಗಾಡಿ ಓಡಿಸುವುದು ರೂಢಿ. ಗುರು ಬೂಟು ತೊಟ್ಟು, "ಬರ್ತೀನಿ ಅಕ್ಕಾ" ಎಂದು ಹೊಸ್ತಿಲು ದಾಟಿದ. ನಾನು ಅಡುಗೆಮನೆಯಲ್ಲಿ, ಸಿಡ್ನಿಯಿಂದ ಹೊತ್ತೊಯ್ದ ಚುರುಮುರಿಯಲ್ಲಿ ಗಿರ್ಮಿಟ್ ಮಾಡಿ ಬಾಯಿ ತುಂಬ ತುರುಕಿಕೊಂಡಿದ್ದೆ.

ಆಗ ಕೇಳಿಸಿತು. ಹೆಣ್ಣು ದನಿ, ಅಚ್ಚ ಧಾರವಾಡದ ಮಾತು.

"ಎಲ್ಲಿಗೆ ಹೊಂಟೀಪಾ?"

ಗುರು ದಡದಡ ಒಳಗೆ ಬಂದ. "ಅಕ್ಕಾ, ಹೊರಗ ಹೊಂಟವರ್ನ ಎಲ್ಲಿಗೆ ಅಂತ ಕೇಳ್ತಾರೇನು? ಅವ್ವ ಎಷ್ಟು ಸಲ ಹೇಳ್ಯಾಳ!"

ನಮ್ಮ ಕಡೆ ಹೊರಟವರನ್ನು ಹಾಗೆ ಕೇಳಿದರೆ ಅಪಶಕುನ. ಮರಳಿ ಬಂದು, ಕೂತು, ನೀರು ಕುಡಿದೇ ಹೋಗಬೇಕು. ಬೂಟಿನಲ್ಲೇ ಕೂತು, ನನ್ನನ್ನು ಬೈಯುತ್ತ ಗುಟುಕು ಗುಟುಕಾಗಿ ನೀರು ಕುಡಿದ. ಅಲ್ಲವೋ ನಾನಲ್ಲ ಎನ್ನೋಣವೆಂದರೆ ತುತ್ತು ಗಂಟಲಲ್ಲೇ ನಿಂತಿತ್ತು.

ಲೋಟ ಕೆಳಗಿಡುವಷ್ಟರಲ್ಲಿ ಸರೋವರ ಸಿಡಿಲು ಬಡಿದಂತೆ ಸದ್ದು ಮಾಡಿತು. ಓಡಿಹೋಗಿ ನೋಡಿದೆವು. ಹಾದಿಯ ನಟ್ಟನಡುವೆ ಕಪ್ಪು ನೀರು. ನೆಟ್ಟ ಕೊಂಬೆಗಳು ಅದರಲ್ಲಿ ತೇಲುತ್ತಿದ್ದವು. ಗುರು ನನ್ನ ಕೈ ಹಿಡಿದುಕೊಂಡ. ನಾನು ನಾಚಿಕೆ ಬಿಟ್ಟು ಅತ್ತೆ.

"ನಾ ಕೇಳಿಲ್ಲೋ," ಎಂದು ಆಣೆ ಮಾಡಿ ಹೇಳಿದೆ. ನಂಬಲಿಲ್ಲ. "ನನ್ನ ಕಾಡಸಾಕ ಕೇಳಿದ್ದಿ. ಈಗ ಜೀವ ಉಳೀತಲ್ಲ, ಒಪ್ಕೊಳ್ಳಾಕ ನಾಚಿಕಿ ನಿನಗ," ಎಂದ. ಅವನ ತಪ್ಪೇನು? ಆ ಊರಿನಲ್ಲಿ ಕನ್ನಡ ಬರುವವರು ನಾವಿಬ್ಬರೇ. ಫೋನುಗಳು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದವು. ಅವ್ವ ಧಾರವಾಡದಲ್ಲಿ ನಿದ್ದೆಯಲ್ಲಿದ್ದಳು, ದನಿಯೂ ಅವಳದಲ್ಲ. ಅದು ಬಂದದ್ದು ಸರೋವರದ ಕಡೆಯಿಂದ.

ಗುರು ಅಲ್ಲೇ ಉಳಿದ. ನಾನೂ ಮತ್ತೆ ಬಾ ಎನ್ನಲಿಲ್ಲ. ಸಿಡ್ನಿಗೆ ಮರಳಿ ಪಕ್ಕದ ಮನೆಯವರಿಗೆ ಹೇಳಿದೆ, ಅದೇ ರಾಹುಕಾಲದವರಿಗೆ. "ಗಾಳಿ ಸೌಂಡ್ ಇರಬೇಕ್ರೀ ಮೇಡಮ್, ಜೆಟ್‌ಲ್ಯಾಗ್ ಬ್ಯಾರೆ," ಎಂದು ಗಂಡ ಹೆಂಡತಿ ಮುಖ ನೋಡಿಕೊಂಡು ನಕ್ಕರು. ಕೋಣಗಳಿಗೂ ನಾನು ಬೇಡವಾದೆ!

ಈಗ ಬೆಳಿಗ್ಗೆ ನಾನು ಮ್ಯಾಕ್ವೆರಿ ಪಾರ್ಕ್‌ನ ಆಫೀಸಿಗೆ ಹೊರಡುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಆದರೂ ಬೀಗ ಹಾಕುವ ಮುಂಚೆ ಖಾಲಿ ಮನೆಗೆ "ಬರ್ತೀನಿ" ಎನ್ನುತ್ತೇನೆ. ಆಮೇಲೆ ಕಿವಿಗೊಟ್ಟು ಒಂದು ಗಳಿಗೆ ನಿಲ್ಲುತ್ತೇನೆ. ಇಷ್ಟು ವರ್ಷವಾಯಿತು, ನನ್ನನ್ನು ಯಾರೂ ಎಲ್ಲಿಗೆ ಎಂದು ಕೇಳಿಲ್ಲ.