ಹಾಲು ಸವರಿದ ಮರಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಹುಟ್ಟಿ ಐದು ತಿಂಗಳಾಯಿತು, ಸಿಂಧನೂರಿನ ತನ್ನ ತಾಯಿಯ ತವರಿನಿಂದ ನಮ್ಮ ಸಂತೆಕಲ್ಲೂರಿನ ಮನೆಗೆ ಬಂದದ್ದು ಇವತ್ತು. ಬೆಳಗಿನಿಂದ ಎಷ್ಟು ಸಲ ಅವಳ ನೆತ್ತಿ ಮೂಸಿದೆನೋ ಲೆಕ್ಕವಿಲ್ಲ. ಕುರಿಯೂ ತನ್ನ ಮರಿಯನ್ನು ಹೀಗೇ ಮೂಸುತ್ತದೆ. ನಗಬೇಡಿ, ಕುರಿಗಾರರ ಮನೆಯವಳಿಗೆ ಬೇರೆ ಹೋಲಿಕೆ ಬರುವುದಿಲ್ಲ. ಇವಳಿಗಿಂತ ಮುಂಚೆ ಮೂರು ಬಸಿರಲ್ಲೇ ಹೋಗಿವೆ. ಅವುಗಳ ನೆತ್ತಿ ಮೂಸಲು ಯಾರಿಗೂ ಸಿಗಲಿಲ್ಲ.

ತನ್ನದಲ್ಲದ ವಾಸನೆ ಬಂದರೆ ಕುರಿ ಮರಿಯನ್ನು ಗುದ್ದಿ ದೂಡುತ್ತದೆ. ಮುಕ್ಕುಂದದ ಕಡೆ ಕೊಯ್ದ ಗದ್ದೆಗಳಲ್ಲಿ ಕುರಿ ಬಿಟ್ಟಿದ್ದಾಗ, ತಾಯಿ ಸತ್ತ ಮರಿಯ ಮೈಗೆಲ್ಲ ಬೇರೆ ಕುರಿಯ ಹಾಲು ಸವರಿ, ಆ ಕುರಿಯ ಕೆಚ್ಚಲಿಗೇ ಬಿಡುತ್ತಿದ್ದವಳು ನಾನೇ. ಕುರಿ ಮೂಸಿ, ಅನುಮಾನಿಸಿ, ಕೊನೆಗೆ ಸುಮ್ಮನೆ ನಿಲ್ಲುತ್ತಿತ್ತು.

ಅದೇ ನಾನು, ಸೊಸೆ ಹುಲಿಗೆಮ್ಮನ ಮೂರನೆಯ ಬಸಿರೂ ಹೋದಾಗ, ಮಾತಾಡಿಸಲು ಬಂದ ಹೆಂಗಸರ ಮುಂದೆ, "ಗಬ್ಬ ನಿಲ್ಲದ ಕುರೀನ ನಾವು ಮಸ್ಕಿ ಸಂತ್ಯಾಗ ಮಾರಿಬಿಡ್ತೀವಿ" ಅಂದೆ. ಅವಳು ಒಳಗೇ ಇದ್ದಳು. ಅಂದಿನಿಂದ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣತೊಡಗಿದಳು. ಎರಡು ವರ್ಷ. ಕರೆದರೆ ನೀವು ಉಣ್ರಿ ಎನ್ನುತ್ತಿದ್ದಳು, ಅಷ್ಟೇ.

ನಾಲ್ಕನೆಯದು ನಿಂತಾಗ ಲಿಂಗಸುಗೂರಿನ ಡಾಕ್ಟರಮ್ಮನ ಹತ್ತಿರ ನಾನೂ ಹೋದೆ. ಇವಳ ಮೈಯಲ್ಲೇನು ದೋಷ ಎಂದು ಕೇಳಿದೆ. ಆಕೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಕೂಸಿನ ಅರ್ಧ ಗಂಡನ ಕಡೆಯದು, ತಾಯಿಯ ಮೈಗೆ ಅದು ಹೊರಗಿನದು. ಹೊರಗಿನದನ್ನು ಹೊಡೆದುಹಾಕುವ ಕಾವಲು ಕಣಗಳು ಮೈಯಲ್ಲಿವೆ. ಅದಕ್ಕೇ ಗರ್ಭದಲ್ಲಿ ಕೂಸನ್ನು ಪೊರೆಯುವ ಮಾಸು ಎಚ್‌ಎಲ್‌ಎ-ಜಿ ಎಂಬ ಪ್ರೋಟೀನನ್ನು ಅಂಚಿಗೆ ಹಚ್ಚಿಕೊಂಡಿರುತ್ತದೆಯಂತೆ. ಅದು ತಾಗಿದರೆ ಕಾವಲು ಕಣಗಳು ತಣ್ಣಗಾಗುತ್ತವೆ. ಅದು ಕಡಿಮೆಯಾದರೆ ಬಸಿರು ಉಳಿಯದೇ ಇರಬಹುದು. ನಿಮ್ಮ ಸೊಸೆಗೆ ಆದದ್ದು ಅದೇ ಎಂದು ಹೇಳಲಾರೆ, ಆದರೆ ತಪ್ಪಂತೂ ಅವಳದಲ್ಲ ಎಂದರು.

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು, "ಹಾಲು ಸವರಿದಂಗ ಏನ್ರೀ?" ಎಂದೆ. ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಹುಲಿಗೆಮ್ಮನಿಗೆ ತಿಳಿಯಿತು, ಗೋಡೆಯ ಕಡೆ ಮುಖ ತಿರುಗಿಸಿದಳು. ಹೊರಗಿನಿಂದ ಬಂದವಳನ್ನು ಗುದ್ದಿದ್ದು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಈ ಸಂಜೆ ನಮ್ಮ ಯಜಮಾನರೂ ಮಗನೂ ಪಡಸಾಲೆಯಲ್ಲಿ ಊಟಕ್ಕೆ ಕೂತರು. ಹುಲಿಗೆಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಡುಗೆಮನೆಯ ಅದೇ ಜಾಗದಲ್ಲಿ ಕೂತಳು. ನಾನು ನನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ, ಒಲೆಗೆ ಒತ್ತಿ ಕುಳಿತೆ. ಸ್ವಲ್ಪ ಹೊತ್ತಿಗೆ ಯಜಮಾನರು ರೊಟ್ಟಿ, ಪುಂಡಿಪಲ್ಯ ಹಿಡಿದು ಬಂದರು, ಹಿಂದೆ ಮಗ. ಆ ಇಕ್ಕಟ್ಟಿನಲ್ಲೇ ಮೊಣಕಾಲಿಗೆ ಮೊಣಕಾಲು ತಾಗಿಸಿ ಉಣ್ಣತೊಡಗಿದೆವು.

ಒಂದು ರೊಟ್ಟಿ ಮುಗಿದ ಮೇಲೆ ಹುಲಿಗೆಮ್ಮ, ನನ್ನನ್ನು ನೋಡದೆಯೇ ಅಂದಳು:

"ಒಲಿ ಜಳ ಬಡಿತೈತ್ರಿ ಅತ್ತಿ, ಈ ಕಡಿ ಸರೀರಿ."

ಸರಿದು ಕುಳಿತೆ.