ಪಲ್ಪರ್ ಮನೆಯಲ್ಲಿ ಕಲಿತ ಟ್ರಾಂಬೋನ್

ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರದ ಕಾಲ. ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಪಲ್ಪರ್ ಎಂಜಿನ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಕೊಯ್ಲಿನ ತಿಂಗಳುಗಳಲ್ಲಿ ಮಧ್ಯಾಹ್ನ ಇಳಿಯುವಷ್ಟರಲ್ಲಿ ಕೆಂಪು ಹಣ್ಣಿನ ಮೂಟೆಗಳು ಬಂದು ಬೀಳುತ್ತಿದ್ದವು. ಎಂಜಿನ್ ಹಚ್ಚಿ, ಬೆಲ್ಟು ಏರಿಸಿ, ನೀರು ಬಿಟ್ಟರೆ ಸಿಪ್ಪೆ ಒಂದು ಕಡೆ, ಅಂಟು ಮೆತ್ತಿದ ಬೀಜ ಇನ್ನೊಂದು ಕಡೆ. ಒಮ್ಮೆ ಓಡತೊಡಗಿತೆಂದರೆ ಆಮೇಲೆ ಪಕ್ಕದಲ್ಲಿ ನಿಂತು ಅದರ ಸದ್ದಿಗೆ ಕಿವಿಗೊಡುವುದಷ್ಟೇ ಕೆಲಸ. ಹಾಗೆ ನಿಂತ ಹೊತ್ತಿನಲ್ಲಿ ನಾನು ಟ್ರಾಂಬೋನ್ ಕಲಿತೆ.

ನಮ್ಮದು ವಾಲಗದ ಮನೆ. ಅಪ್ಪಯ್ಯ ಮೌರಿ ಊದುತ್ತಿದ್ದರು. ಇತ್ತ ದೇವರಮನೆ ಬೆಟ್ಟದಿಂದ ಅತ್ತ ಕಳಸದವರೆಗೆ ಮದುವೆಗಳಿಗೆ ಅವರನ್ನೇ ಕರೆಯುತ್ತಿದ್ದರು. ನನಗೂ ಚಿಕ್ಕಂದಿನಲ್ಲಿ ಉಸಿರು ಹಿಡಿಯುವುದನ್ನು, ಬಾಯಲ್ಲಿ ಡೋಲಿನ ಮಾತು ಹೇಳುವುದನ್ನು ಕಲಿಸಿದ್ದರು. ಆದರೆ ನನಗೆ ಮೌರಿಗಿಂತ ಯಂತ್ರಗಳ ಮೇಲೆ ಮನಸ್ಸು. ಎಸ್ಟೇಟಿಗೆ ಸೇರುತ್ತೇನೆ ಅಂದಾಗ ಅಪ್ಪಯ್ಯ ಬೇಡವೆನ್ನಲಿಲ್ಲ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ, ಅಷ್ಟೆ.

ಮೂಡಿಗೆರೆ ರಸ್ತೆಯಲ್ಲಿ ದೊರೆಗಳ ಕ್ಲಬ್ಬೊಂದಿತ್ತು. ಅಲ್ಲಿ ದೀಪಕ್ಕೆ ಕರೆಂಟು ಮಾಡುವ ಸಣ್ಣ ಎಂಜಿನ್ ಕೆಟ್ಟಾಗ ನಮ್ಮ ದೊರೆ ನನ್ನನ್ನು ಕಳಿಸಿದರು. ರಿಪೇರಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಒಳಗಿನ ಡಾನ್ಸ್ ಹಾಲಿನಲ್ಲಿ ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದರು. ಪಿಯಾನೋ, ತುತ್ತೂರಿ, ಕ್ಲಾರಿಯೊನೆಟ್, ಡ್ರಮ್ಮು. ನಾನು ಜಾಝ್ ಎಂಬುದನ್ನು ಕೇಳಿದ್ದು ಅದೇ ಮೊದಲು. ಹೆಜ್ಜೆ ತಪ್ಪಿದ ಹಾಗೆ ತಪ್ಪಿ, ಬೀಳದೆ ಮುಂದೆ ಹೋಗುವ ಆ ನಡೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿತು.

ಪಿಯಾನೋ ನುಡಿಸುತ್ತಿದ್ದವರು ಗೋವೆಯವರು, ಬ್ಯಾಂಡಿನ ಮಾಸ್ಟರು. ಚಿಕ್ಕಮಗಳೂರಿನಲ್ಲಿ ಬಹಳ ವರ್ಷ ಇದ್ದು ಕನ್ನಡ ಕಲಿತಿದ್ದರು. ಅವರ ಟ್ರಾಂಬೋನಿನವನು ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಬೆರಳಿಡಲು ಒಂದು ತೂತೂ ಇಲ್ಲದ, ಬರೀ ಜಾರುವ ಕೊಳವೆಯನ್ನು ಮುಂದೆ ಹಿಂದೆ ಎಳೆದು ಸ್ವರ ಹುಡುಕಬೇಕಾದ ಆ ವಾದ್ಯ ಕುರ್ಚಿಯ ಮೇಲೆ ಸುಮ್ಮನೆ ಮಲಗಿತ್ತು. ನಾನು ಅದನ್ನೇ ನೋಡುತ್ತಿದ್ದುದನ್ನು ಮಾಸ್ಟರು ಗಮನಿಸಿದರು.

"ಊದಿ ನೋಡ್ತೀಯಾ?"

ಊದಿದೆ. ಕಿಟಕಿಯ ಗಾಜುಗಳು ಗುಂಯ್‌ಗುಟ್ಟಿದವು.

"ಇಷ್ಟು ಗಾಳಿ ಎಲ್ಲಿಂದ ಬಂತು ನಿನಗೆ?"

"ಅಪ್ಪಯ್ಯ ಮೌರಿ ಊದ್ತಾರೆ ಸಾರ್."

"ತಗೊಂಡು ಹೋಗು. ಭಾನುವಾರ ಬಾ, ಹೇಳಿಕೊಡ್ತೇನೆ."

ಹೀಗೆ ಅದು ಪಲ್ಪರ್ ಮನೆಗೆ ಬಂತು. ಎಂಜಿನ್ ಗದ್ದಲದಲ್ಲಿ ನನ್ನ ಅಪಸ್ವರಗಳು ಯಾರಿಗೂ ಕೇಳುತ್ತಿರಲಿಲ್ಲ. ಕೊಳವೆ ಸಲೀಸಾಗಿ ಜಾರಲಿ ಎಂದು ಮೊದಮೊದಲು ತೆಂಗಿನೆಣ್ಣೆ ಹಚ್ಚಿದೆ. ಪುಷ್ಯದ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಕೊಳವೆ ಅಲುಗಾಡದೆ ಕೂತಿತು. ಮಾಸ್ಟರು ಹೆಂಗಸರು ಮುಖಕ್ಕೆ ಹಚ್ಚುವ ಕೋಲ್ಡ್ ಕ್ರೀಮಿನ ಡಬ್ಬಿ ಕೊಟ್ಟು, ಅದನ್ನು ತೆಳ್ಳಗೆ ಸವರಿ ಮೇಲೆ ನೀರು ಚಿಮುಕಿಸಲು ಹೇಳಿದರು. ಆಮೇಲೆ ಅದು ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಗತೊಡಗಿತು.

ವೇಗವಾಗಿ ಊದಲು ನಾಲಿಗೆ ಎರಡು ಕಡೆ ಹೊಡೆಯಬೇಕು. ಒಮ್ಮೆ ಹಲ್ಲಿನ ಹಿಂದೆ, ಒಮ್ಮೆ ಗಂಟಲ ಹತ್ತಿರ. ಮಾಸ್ಟರು ಅದನ್ನು "ಟು ಕು, ಟು ಕು" ಅಂತ ಕಷ್ಟಪಟ್ಟು ವಿವರಿಸುತ್ತಿದ್ದರೆ ನನಗೆ ನಗು ಬಂತು. ಅದು ನಮ್ಮ ಮನೆಯ ತಕ ತಕ. ಮೂರರ ಗುಂಪು ಬೇಕೆಂದರೆ ತಕಿಟ ತಕಿಟ. ಹಾಲು ಹಲ್ಲು ಬೀಳುವ ಮೊದಲೇ ನನ್ನ ನಾಲಿಗೆಯಲ್ಲಿ ತಿರುಗಿದ್ದ ಮಾತುಗಳು. ನಾನು ಹೇಳಿ ತೋರಿಸಿದಾಗ ಮಾಸ್ಟರು ಪಿಯಾನೋದಿಂದ ಕೈ ತೆಗೆದು ನನ್ನ ಬಾಯಿ ನೋಡುತ್ತ ಕೂತರು.

ಅಲ್ಲಿಂದ ನನಗೆ ವೇಗದ ಹುಚ್ಚು ಹಿಡಿಯಿತು. ಎಂಜಿನ್ನಿನ ಒಂದೊಂದು ಹೊಡೆತಕ್ಕೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ದೂರದ ಸ್ಥಾನಕ್ಕೆ ಕೈ ಚಾಚುವ ಬದಲು ಅದೇ ಸ್ವರ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಎಂದು ಹುಡುಕಿಕೊಂಡೆ. ಮಣಿಕಟ್ಟು ಮಾತ್ರ ಆಡಬೇಕು, ಭುಜ ಅಲುಗಬಾರದು. ಹಣ್ಣು ತರುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆ ಒಂದು ದಿನ ಬಾಗಿಲಲ್ಲಿ ಮೂಟೆ ಇಳಿಸಿ ಕೇಳಿದಳು: "ಎಂಜಿನ್ನಿಗೆ ಜ್ವರ ಬಂದಿದ್ಯಾ, ಹಿಂಗೆ ನಡುಗ್ತದೆ?"

ಎರಡನೇ ವರ್ಷಕ್ಕೆ ಶನಿವಾರಗಳಂದು ನಾನು ಕ್ಲಬ್ಬಿನ ಬ್ಯಾಂಡಿನಲ್ಲಿ ಕೂರತೊಡಗಿದ್ದೆ. ಒಬ್ಬೊಬ್ಬರಾಗಿ ಎದ್ದು ತಮ್ಮ ಮನಸ್ಸಿಗೆ ಬಂದಂತೆ ನುಡಿಸುವ ಸರದಿ ಬಂದಾಗ ನಾನು ಎದ್ದು ಸುರಿದುಬಿಡುತ್ತಿದ್ದೆ. ಬಿಡುವಿಲ್ಲದೆ, ಉಸಿರು ಮುಗಿಯುವವರೆಗೆ. ದೊರೆಗಳು ಗ್ಲಾಸು ಕೆಳಗಿಟ್ಟು ಚಪ್ಪಾಳೆ ತಟ್ಟುತ್ತಿದ್ದರು. ಒಂದು ಶನಿವಾರ ಎಲ್ಲ ಮುಗಿದ ಮೇಲೆ ಮಾಸ್ಟರು ಪಿಯಾನೋ ಮುಚ್ಚುತ್ತ ಹೇಳಿದರು:

"ನೀನು ಊದಿದ್ದು ಪೂರಾ ಕೇಳಿದೆ. ಮನೆಗೆ ತಗೊಂಡು ಹೋಗಲಿಕ್ಕೆ ಒಂದು ತುಂಡೂ ಸಿಗಲಿಲ್ಲ."

"ಎಲ್ಲರೂ ಚಪ್ಪಾಳೆ ಹೊಡೆದ್ರಲ್ಲ ಸಾರ್."

"ಕುದುರೆ ಓಡಿದ್ರೂ ಹೊಡೀತಾರೆ."

ನನಗೆ ಸಿಟ್ಟು ಬಂತು. ವಯಸ್ಸಾದವರಿಗೆ ಓಡಲಾಗುವುದಿಲ್ಲ, ಅದಕ್ಕೆ ಹೀಗೆ ಅನ್ನುತ್ತಾರೆ ಎಂದುಕೊಂಡೆ.

ಕೊಯ್ಲು ಮುಗಿಯುವ ಮೊದಲೇ, ಆ ಬೇಸಿಗೆಗೆ ಕ್ಲಬ್ಬಿನ ಆಟೋಟದ ವಾರಕ್ಕೆ ಬೆಂಗಳೂರಿನ ದಂಡು ಪ್ರದೇಶದಿಂದ ಒಂದು ಬ್ಯಾಂಡು ಬರುತ್ತದೆ ಎಂದು ಸುದ್ದಿಯಾಯಿತು. ಅವರ ಮುಖಂಡ ತುತ್ತೂರಿಯವನು. ಅವನಷ್ಟು ವೇಗವಾಗಿ ಊದುವವರು ದಕ್ಷಿಣದಲ್ಲೇ ಇಲ್ಲವೆಂದು ಹೆಸರು. ಕೊನೆಯ ದಿನ ಮಧ್ಯಾಹ್ನ ಹುಲ್ಲಿನಂಗಳದಲ್ಲಿ ಎರಡೂ ಬ್ಯಾಂಡು ಸರದಿಯ ಮೇಲೆ ನುಡಿಸಬೇಕು. ಯಾರು ಮೆಚ್ಚುಗೆಯಾಗುತ್ತಾರೋ ಅವರಿಗೆ ಮುಂದಿನ ವರ್ಷದ ಕೆಲಸ ಎಂದು ಕ್ಲಬ್ಬಿನ ಕಾರ್ಯದರ್ಶಿ ಮಾಸ್ಟರಿಗೆ ನೇರವಾಗಿಯೇ ಹೇಳಿದ್ದರು. ಮಾಸ್ಟರು ನಮಗೆ ಅದನ್ನು ತಿಳಿಸಿ ಎಂದಿನಂತೆ ಅಭ್ಯಾಸ ಶುರುಮಾಡಿದರು. ಆದರೆ ಅವತ್ತು ಅವರ ಎಡಗೈ ಎರಡು ಸಲ ತಪ್ಪಿತು.

ಇನ್ನೂ ವೇಗ ಬೇಕೆಂದು ನಾನು ಹಗಲೆಲ್ಲ ತಿಣುಕಿದೆ. ಒಂದು ಹಂತದ ಆಚೆ ನಾಲಿಗೆ ತೊಡರುತ್ತಿತ್ತು, ಕೊಳವೆ ಹಿಂದೆ ಬೀಳುತ್ತಿತ್ತು. ಏನೂ ತೋಚದೆ ಒಂದು ಭಾನುವಾರ ಟ್ರಾಂಬೋನ್ ಹೊತ್ತು ಊರಿಗೆ ಹೋದೆ. ಅಪ್ಪಯ್ಯ ಅಲ್ಲಿಯವರೆಗೆ ಅದನ್ನು ಕೇಳಿರಲಿಲ್ಲ, ಕೇಳಬೇಕೆಂದೂ ಹೇಳಿರಲಿಲ್ಲ. ಕಣದ ಬದಿಯಲ್ಲಿ ಕೂತು ಮೌರಿಯ ಬಾಯಿಗೆ ಊದುವ ಓಲೆ ಕಟ್ಟುತ್ತಿದ್ದವರ ಎದುರು ನಿಂತು ನನಗೆ ಗೊತ್ತಿದ್ದ ಅತಿ ವೇಗದ್ದನ್ನು ಊದಿದೆ.

ಅವರು ಓಲೆ ಕೆಳಗಿಟ್ಟರು.

"ನಾಯಿ ಅಟ್ಟಿಸ್ಕೊಂಡು ಬಂದೋರ ಹಾಗೆ ಯಾಕಾ ಊದ್ತೀಯ?"

"ಇದು ಇಷ್ಟೇ ವೇಗ ಇರೋದು ಅಪ್ಪಯ್ಯ. ಅವರು ಇನ್ನೂ ಜೋರು ಓಡ್ತಾರಂತೆ."

"ಓಡು, ಬೇಡ ಅಂದೋರು ಯಾರು? ಕಾಲಲ್ಲಿ ಎಂತ ಮಾಡ್ತಿದ್ದೆ ಈಗ?"

ನನ್ನ ಕಾಲು ಒಂದೊಂದು ಹೊಡೆತಕ್ಕೂ ನೆಲ ಕುಟ್ಟುತ್ತಿದ್ದುದು ನನಗೇ ಗೊತ್ತಿರಲಿಲ್ಲ. ದರ್ಜಿಯ ಮೆಷಿನ್ನಿನ ಹಾಗೆ ಕುಟ್ಟುತ್ತಿತ್ತಂತೆ. ಅಪ್ಪಯ್ಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು ನನ್ನ ಪಾದದ ಮೇಲೆ ಅಂಗೈ ಒತ್ತಿ ಹಿಡಿದರು.

"ನಾನು ಬಿಟ್ಟಾಗ ಮಾತ್ರ ಹಾಕು. ಈಗ ಊದು."

ನಾಲ್ಕು ಹೊಡೆತಕ್ಕೊಮ್ಮೆ ಅವರು ಕೈ ಸಡಿಲಿಸುತ್ತಿದ್ದರು. ಮೊದಲು ಎಲ್ಲವೂ ಕುಸಿದುಬಿತ್ತು. ಗಾಡಿಯಿಂದ ಬಿದ್ದವನಂತೆ ದಾರಿ ತಪ್ಪಿ ನಿಂತೆ.

"ತಾಳ ಒಂದನೇ ಕಾಲದಲ್ಲೇ ಇರ್ಲಿ ಮಾರಾಯ. ನೀನು ಅದರ ನಾಲ್ಕು ಪಟ್ಟು ಓಡೋ ಮೂರನೇ ಕಾಲದಲ್ಲಿರು. ಕೈ ಓಡ್ಲಿ, ಉಸಿರು ನಡೀಲಿ. ಜೋರಾಗಿ ಮಾತಾಡೋರೂ ಮಾತು ಮುಗಿಸ್ತಾರೆ, ಅಲ್ವ? ನೀನು ಮುಗಿಸೋದೇ ಇಲ್ಲ."

ಸಂಜೆಯವರೆಗೆ ಅವರು ಪಾದ ಬಿಡಲಿಲ್ಲ. ಮುಂದಿನ ಭಾನುವಾರಗಳಲ್ಲೂ ಹೋದೆ. ವಾರದ ನಡುವೆ ಪಲ್ಪರ್ ಮನೆಯಲ್ಲಿ ಒಬ್ಬನೇ ಅದನ್ನೇ ಮಾಡಿದೆ. ಒಂದು ಮಧ್ಯಾಹ್ನ, ಹೇಗೆಂದು ಹೇಳಲಾರೆ, ಪ್ರತಿದಿನದ ಅದೇ ಎಂಜಿನ್ ನಿಧಾನವಾಗಿ ಓಡುತ್ತಿದೆ ಅನ್ನಿಸಿತು. ಕೆಟ್ಟಿತೇನೋ ಎಂದು ಬಗ್ಗಿ ನೋಡಿದೆ. ಚಕ್ರ ಎಂದಿನಂತೆಯೇ ತಿರುಗುತ್ತಿತ್ತು. ನನ್ನ ಸ್ವರಗಳ ನಡುವೆ ಈಗ ಜಾಗವಿತ್ತು, ಒಳಗೆ ಹೋಗಿ ನಿಂತು ಸುತ್ತ ನೋಡುವಷ್ಟು ಜಾಗ. ನಾನು ಟ್ರಾಂಬೋನ್ ತೋಳಲ್ಲಿ ಅಪ್ಪಿಕೊಂಡು ಒಬ್ಬನೇ ನಕ್ಕೆ.

ಕೊನೆಯ ದಿನ ಬಂತು. ಹುಲ್ಲಿನಂಗಳದಲ್ಲಿ ಶಾಮಿಯಾನ, ಕುಣಿಯಲು ಹಲಗೆ ಹಾಸು, ದೂರದಲ್ಲಿ ಕುದುರೆಮುಖದ ನೀಲಿ ಗೆರೆ. ಮಾಸ್ಟರು ಅಪ್ಪಯ್ಯನನ್ನೂ ಬರಹೇಳಿದ್ದರು. ಅವರು ಅಡುಗೆಮನೆಯ ಜಗಲಿಯಲ್ಲಿ ಬಟ್ಲರನ ಜೊತೆ ಟೀ ಲೋಟ ಹಿಡಿದು ಕೂತಿದ್ದರು.

ತುತ್ತೂರಿಯವನ ಬಗ್ಗೆ ಕೇಳಿದ್ದು ಸುಳ್ಳಲ್ಲ. ತೆಳ್ಳಗಿನ ಮನುಷ್ಯ, ಕಣ್ಣು ಮುಚ್ಚಿ ಊದುತ್ತಿದ್ದ. ಸ್ವರಗಳು ಕಾದ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಹಾರುತ್ತಿದ್ದವು, ಒಂದೂ ಹೊರಗೆ ಬೀಳುತ್ತಿರಲಿಲ್ಲ. ನಾವು ನಮ್ಮ ಸರದಿಗಳನ್ನು ಅಚ್ಚುಕಟ್ಟಾಗಿ ಮುಗಿಸಿದೆವು, ಅಷ್ಟೆ. ಕೊನೆಯದಾಗಿ ಎರಡೂ ಬ್ಯಾಂಡು ಕೂಡಿ ಒಂದೇ ಹಾಡು ನುಡಿಸಬೇಕಿತ್ತು. ಅವನು ನಮ್ಮ ಕಡೆ ನೋಡಿ ಮುಗುಳ್ನಕ್ಕು ಬೆರಳಲ್ಲಿ ಚಿಟಿಕೆ ಹಾಕಿ ವೇಗ ತೋರಿಸಿದ. ನಮ್ಮ ಡ್ರಮ್ಮಿನವನು ಅಂಗೈ ಬಟ್ಟೆಗೆ ಒರೆಸಿಕೊಂಡು ಕೋಲು ಹಿಡಿದ. ಅಂಥ ವೇಗದಲ್ಲಿ ನಾವು ಯಾರೂ ನುಡಿಸಿರಲಿಲ್ಲ.

ಹಾಡು ಹೊರಟಿತು. ಕುಣಿಯುತ್ತಿದ್ದವರು ಸ್ವಲ್ಪ ಹೊತ್ತು ಹೆಣಗಾಡಿ, ನಕ್ಕು, ಕೈಬಿಟ್ಟು ಒಬ್ಬೊಬ್ಬರಾಗಿ ಕುರ್ಚಿಗಳಿಗೆ ಮರಳಿದರು. ತುತ್ತೂರಿಯವನು ಎದ್ದು ತನ್ನ ಸರದಿ ಸುರಿದ. ಹಲಗೆಯ ಮೇಲೆ ಯಾರೂ ಉಳಿಯಲಿಲ್ಲ. ಎಲ್ಲರೂ ಕುಳಿತು ಬೆರಗಿನಿಂದ ನೋಡುತ್ತಿದ್ದರು. ಅವನು ಕೂತ. ಮಾಸ್ಟರು ನನ್ನ ಕಡೆ ಗದ್ದ ಎತ್ತಿದರು.

ನಾನು ಎದ್ದು ನಿಂತು ಪಾದ ಊರಿದೆ. ಮೊದಲು ಮೂರೇ ಸ್ವರ ಊದಿದೆ, ಉದ್ದಕ್ಕೆ, ಒಂದರಿಂದ ಒಂದಕ್ಕೆ ಜಾರಿಸಿ. ಕೆಳಗೆ ಡ್ರಮ್ಮು ಹುಚ್ಚು ಹೊಳೆಯಂತೆ ಹರಿಯುತ್ತಿತ್ತು. ನನಗೆ ಅವಸರವಿರಲಿಲ್ಲ. ಆ ಮೂರನ್ನೇ ಪ್ರಶ್ನೆ ಕೇಳುವಂತೆ ಇನ್ನೊಮ್ಮೆ ಊದಿದೆ, ಬಾಲಕ್ಕೆ ಒಂದು ತಕಿಟ ಸೇರಿಸಿ. ಆಮೇಲೆ ಅದಕ್ಕೆ ಉತ್ತರ ಕೊಟ್ಟೆ. ಒಂದು ಮಾತು ಮುಗಿಸಿ, ಉಸಿರು ತಗೊಂಡು, ಮುಂದಿನದನ್ನು ಶುರುಮಾಡಿದೆ. ಆಗ ಒಬ್ಬ ಬಿಳಿಗೂದಲಿನ ದೊರೆ ತನ್ನ ಹೆಂಡತಿಯ ಕೈ ಹಿಡಿದು ಎದ್ದ. ಇಬ್ಬರೂ ಹಲಗೆಯ ಮೇಲೆ ಬಂದು ನಿಧಾನವಾಗಿ, ನಾನು ಪಾದ ಊರುವಲ್ಲಿ ಅವರೂ ಊರುತ್ತ ಕುಣಿಯತೊಡಗಿದರು. ಅವರ ಹಿಂದೆ ಇನ್ನೊಂದು ಜೋಡಿ, ಮತ್ತೊಂದು. ಹಾಡಿನ ವೇಗ ಇಳಿಯದೆಯೇ ಹಲಗೆ ತುಂಬಿತು.

ಆಗ ನಾನು ಓಡಿದೆ. ಎರಡು ವರ್ಷ ಎಂಜಿನ್ನಿನ ಬೆನ್ನು ಹತ್ತಿ ಕಲಿತದ್ದೆಲ್ಲ ಕೈಗೆ ಬಂತು, ತಕ ತಕ ತಕಿಟ, ಕೊಳವೆ ಮಣಿಕಟ್ಟಿನಲ್ಲೇ ಹಾರುತ್ತಿತ್ತು. ಎಷ್ಟು ಓಡಿದರೂ ಹಾಡು ಎಲ್ಲಿದೆಯೆಂದು ನನಗೆ ತಿಳಿದಿತ್ತು, ಕುಣಿಯುವವರಿಗೂ ತಿಳಿದಿತ್ತು. ಒಬ್ಬರೂ ಹೆಜ್ಜೆ ಬಿಡಲಿಲ್ಲ. ನನ್ನ ಸರದಿ ಮುಗಿಯುವ ಹೊತ್ತಿಗೆ ತುತ್ತೂರಿಯವನು ಎದ್ದು ನನ್ನ ಪಕ್ಕ ಬಂದು, ಮೆಲ್ಲಗೆ ಒಂದೇ ಸ್ವರ ಹಿಡಿದು ನನಗೆ ಶ್ರುತಿಯಂತೆ ನಿಂತ. ಮಾಸ್ಟರು ಪಿಯಾನೋ ಹಿಂದೆ ಹಲ್ಲು ಬಿಟ್ಟು ನಗುತ್ತಿದ್ದರು. ಅವರು ನಗುವುದನ್ನು ನಾನು ಅಷ್ಟು ಸ್ಪಷ್ಟವಾಗಿ ಹಿಂದೆ ನೋಡಿರಲಿಲ್ಲ.

ಚಪ್ಪಾಳೆ ನಿಲ್ಲುವ ಮೊದಲೇ ಕಾರ್ಯದರ್ಶಿ ಬಂದು ಮಾಸ್ಟರ ಕೈ ಕುಲುಕಿ, ಮುಂದಿನ ವರ್ಷವೂ ನೀವೇ ಎಂದರು. ತುತ್ತೂರಿಯವನು ನನ್ನ ಬೆನ್ನು ತಟ್ಟಿ ದಂಡಿನ ಕನ್ನಡದಲ್ಲಿ ಕೇಳಿದ: "ನಾನು ಆ ವೇಗದಲ್ಲಿ ಜಾಗಾನೇ ಇಲ್ಲ ಅಂದ್ಕೊಂಡಿದ್ದೆ. ನಿಂಗೆಲ್ಲಿ ಸಿಗ್ತಪ್ಪ?"

ನಾನು ಅಡುಗೆಮನೆಯ ಜಗಲಿ ತೋರಿಸಿದೆ. ಅವನು ನಿಜವಾಗಿಯೂ ಹೋಗಿ ಅಪ್ಪಯ್ಯನ ಪಕ್ಕ ಕೂತ. ಹತ್ತಿರ ಹೋದಾಗ ಅಪ್ಪಯ್ಯ ಅವನಿಗೆ ತಕಿಟ ಹೇಳಿಕೊಡುತ್ತಿದ್ದರು. ಅವನು ಬೂಟು ಬಿಚ್ಚಿಟ್ಟು ಕಾಲಲ್ಲಿ ತಾಳ ಹಾಕುತ್ತಿದ್ದ. ನನ್ನನ್ನು ಕಂಡು ಅಪ್ಪಯ್ಯ ಟ್ರಾಂಬೋನಿನ ಕಡೆ ಕೈ ತೋರಿಸಿದರು.

"ಬರೋ ಗುರುವಾರ ಕಳಸದ ಹತ್ರ ಒಂದು ಮದುವೆ ಉಂಟು. ಇದನ್ನ ತಗೊಂಡು ಬಾ."

"ಮೌರಿ ಜೊತೆಗಾ?"

"ನಿಂದಕ್ಕೆ ತೂತಿಲ್ಲ ಅಲ್ವ. ಯಾವ ಶ್ರುತಿಗಾದ್ರೂ ಜಾರಿಸಿ ಕೂರಿಸ್ಬೋದು."

ದೊರೆಯ ಹತ್ತಿರ ರಜೆ ಕೇಳಿ ಹೋದೆ. ಮದುವೆಯ ಚಪ್ಪರದಲ್ಲಿ ಜನ ವಾದ್ಯವನ್ನು ಮುಟ್ಟಿ ಮುಟ್ಟಿ ನೋಡಿದರು. ಮುಹೂರ್ತ ಬಂತು. ಪುರೋಹಿತರು ಕೈ ಎತ್ತಿ ಗಟ್ಟಿಮೇಳ ಎಂದರು. ಅಪ್ಪಯ್ಯ ಮೌರಿ ಎತ್ತಿದರು, ಡೋಲು ಸಿಡಿಯಿತು, ನಾನು ಅವರ ಶ್ರುತಿ ಹಿಡಿದು ಎಲ್ಲರಿಗಿಂತ ಮುಂದೆ ನುಗ್ಗಿದೆ. ಚಪ್ಪರ ನಡುಗಿತು. ಮದುಮಗ ತಾಳಿಯನ್ನು ಕೈಯಲ್ಲಿ ಹಿಡಿದವನು ಕಟ್ಟುವುದನ್ನೇ ಮರೆತು ತಿರುಗಿ ನನ್ನ ಕೊಳವೆಯನ್ನೇ ನೋಡುತ್ತ ಕೂತ.

"ಅದು ಎಲ್ಲೂ ಹೋಗಲ್ಲಪ್ಪ, ಮೊದಲು ಕಟ್ಟು" ಎಂದರು ಪುರೋಹಿತರು.

ಅವನು ಕಟ್ಟುವವರೆಗೂ ನಾವು ವೇಗ ಇಳಿಸಲಿಲ್ಲ.