ಬೈಕಿಗೆ ಕೊಬ್ಬರಿ ಎಣ್ಣೆ

ಜಪಾನಿನ ಬೆಟ್ಟದ ರಸ್ತೆಗಳಿಗೆ ಚಳಿಗಾಲದಲ್ಲಿ ಉಪ್ಪು ಚೆಲ್ಲುತ್ತಾರೆ. ಹಿಮ ಕರಗುತ್ತದೆ, ಬೈಕಿಗೆ ತುಕ್ಕು ಹಿಡಿಯುತ್ತದೆ. ನಾನು ಆಸೆಪಟ್ಟು ಕೊಂಡ ಹಳೆಯ ಬೈಕಿನ ತುಂಬ ಕ್ರೋಮ್. ಬೆಟ್ಟಕ್ಕೆ ಹೊರಡುವ ಹಿಂದಿನ ಸಂಜೆ ನೋಡಿದರೆ ತುಕ್ಕು ತಡೆಯುವ ಸ್ಪ್ರೇ ಖಾಲಿ. ಉಪ್ಪುನೀರು ಲೋಹವನ್ನು ಮುಟ್ಟಬಾರದು, ಅಷ್ಟೇ ತಾನೆ? ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಬ್ರೇಕ್, ಟೈರ್, ಸೈಲೆನ್ಸರ್ ಬಿಟ್ಟು ಎಲ್ಲ ಕಡೆ ಸವರಿದೆ.

"ಅದು ನನ್ನ ತಲೆಗೆ ಇಟ್ಟಿದ್ದು ಕಣೋ!" ಎಂದಳು ಹೆಂಡತಿ.

ಬೆಳಿಗ್ಗೆ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಬೈಕ್ ಬೆಳ್ಳಗಾಗಿತ್ತು. ಕೆಳಗಿನ ಮನೆಯ ಒಕಾಡಾ-ಸಾನ್, ಅವರೂ ಬೈಕ್ ಸವಾರರೇ, ಗಾಬರಿಯಿಂದ ಬಕೆಟ್ ಹಿಡಿದು ಓಡಿಬಂದರು.

"ಉಪ್ಪು! ತೊಳೆಯದೇ ಬಿಟ್ಟಿದ್ದೀರಾ?"

"ಸುಮಿಮಾಸೆನ್, ಕ್ಷಮಿಸಿ, ಉಪ್ಪಲ್ಲ. ಎಣ್ಣೆ. ನಮ್ಮಲ್ಲಿ ತಲೆಗೆ ಹಚ್ಚುತ್ತೇವೆ."

ಅವರು ನನ್ನ ತಲೆಯನ್ನು ನೋಡಿದರು, ಬೈಕನ್ನು ನೋಡಿದರು. "ನಿಮ್ಮಲ್ಲಿ ತಲೆಗೂ ತುಕ್ಕು ಹಿಡಿಯುತ್ತದೆಯೇ?"

ಮಧ್ಯಾಹ್ನ ಮರಳಿದಾಗ ಬೈಕಿನ ತುಂಬ ಉಪ್ಪುಕೆಸರು. ಒಕಾಡಾ-ಸಾನ್ ಕಾದೇ ಇದ್ದರು. ಮೊದಲು ತಣ್ಣೀರು ಹಾಯಿಸಿ ಉಪ್ಪು ಇಳಿಸಿದೆವು. ಆಮೇಲೆ ಬೆಚ್ಚನೆಯ ಸೋಪು ನೀರಿನಿಂದ ಎಣ್ಣೆ ತೆಗೆದೆವು. ಬಟ್ಟೆಯಿಂದ ಒರೆಸಿ, ಬಗ್ಗಿ ಮೂಲೆ ಮೂಲೆಯನ್ನೂ ನೋಡಿದೆ. ಒಂದು ಚುಕ್ಕೆ ತುಕ್ಕಿಲ್ಲ! ಹೊಳೆಯುವ ಕ್ರೋಮಿನಲ್ಲಿ ಇಬ್ಬರ ಮುಖವೂ ಕಂಡಿತು. ನಾನು ಕುಣಿದೇಬಿಟ್ಟೆ. ಒಕಾಡಾ-ಸಾನ್ ಚಪ್ಪಾಳೆ ತಟ್ಟಿ, ತಮ್ಮ ಬೈಕಿಗೂ ಒಂದು ಬಟ್ಟಲು ಎಣ್ಣೆ ಕೇಳಿದರು.

ಒಂದೇ ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ವಿಜ್ಞಾನ ಓದಿದವನಿಗೆ ಗೊತ್ತು. ಹಾಗಾಗಿ ಮುಂದಿನ ಭಾನುವಾರವೂ ನಾವಿಬ್ಬರು ಬೆಟ್ಟಕ್ಕೆ ಹೋಗಲೇಬೇಕಾಯಿತು.